ಮಕ್ಕಳಾಗದ ಮನೆಯ ಊಟದ ತಟ್ಟೆ: ಮೈಸೂರು ರಸ್ತೆಯ ಒಂದು ಪ್ರಕರಣ

ಆಕೆಗೆ 29 ವರ್ಷ. ಬೆಂಗಳೂರಿನ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಚೆಕಿಂಗ್ ಕೆಲಸ. ಆತನಿಗೆ 34, ಸಾಲ ಮಾಡಿ ಕೊಂಡ ಸ್ವಂತ ಕಾರಿನಲ್ಲಿ ಏರ್‌ಪೋರ್ಟ್ ಟ್ರಿಪ್ ಹೊಡೆಯುತ್ತಾರೆ. ಊರು ಕನಕಪುರದ ಕಡೆ. ಮದುವೆಯಾಗಿ ನಾಲ್ಕು ವರ್ಷ, ಮಗು ಬೇಕೆಂದು ಕಾಯತೊಡಗಿ ಎರಡೂವರೆ ವರ್ಷ. ಜೊತೆಯಲ್ಲಿ ಆತನ ತಾಯಿ ಇದ್ದಾರೆ, ಅಡುಗೆಮನೆ ಅವರದು. ಸ್ತ್ರೀರೋಗ ತಜ್ಞೆಯೊಬ್ಬರು ನನಗೆ ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ), ತೂಕ ಇಳಿಯಬೇಕು, ಆಹಾರ ಸಲಹೆ ಕೊಡಿ. ಚೀಟಿ ಹೆಂಡತಿಯ ಹೆಸರಿನಲ್ಲಿತ್ತು. ಆಹಾರ ತಜ್ಞೆಯಾಗಿ ನಾನು ನೋಡುವ ಹತ್ತಾರು ಚೀಟಿಗಳೂ ಹೀಗೆ ಹೆಂಡತಿಯರ ಹೆಸರಿನಲ್ಲೇ ಬರುತ್ತವೆ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ. ದಂಪತಿಯ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ದಿನ ಬಂದವರು ಅತ್ತೆ, ಸೊಸೆ ಇಬ್ಬರೇ. ಗಂಡನ ಪರೀಕ್ಷೆ ಆಗಿದೆಯಾ ಅಂದೆ. ಆಕೆ ನೆಲ ನೋಡಿದರು. ಅತ್ತೆ, “ಅವ್ನಿಗೇನಾಗದೆ ಕಣ್ರವ್ವ, ಗಟ್ಟಿಮುಟ್ಟಾಗವ್ನೆ” ಅಂದರು. ಆ ವೇಳೆಗೆ ಆಕೆಯ ರಕ್ತಪರೀಕ್ಷೆ, ಸ್ಕ್ಯಾನ್, ಬಣ್ಣದ ದ್ರವ ಹಾಕಿ ಗರ್ಭನಾಳ ನೋಡುವ ಎಕ್ಸ್‌ರೇ ಎಲ್ಲವೂ ಮುಗಿದಿದ್ದವು. ಜೊತೆಗೆ ಯಾರೋ ಹೇಳಿದರೆಂದು ಲೇಬಲ್ ಇಲ್ಲದ ‘ಸಂತಾನದ ಪುಡಿ’ಯೊಂದನ್ನು ತಿಂಗಳಿಗೆ 4,500 ರೂಪಾಯಿ ಕೊಟ್ಟು ಮೂರು ತಿಂಗಳು ನುಂಗಿದ್ದರು. ಅದು ಆಕೆಯ ಸಂಬಳದ ಮೂರನೇ ಒಂದು ಭಾಗ. ಮಕ್ಕಳಾಗದಿರುವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಇವೆಲ್ಲದರಲ್ಲಿ ಅತ್ಯಂತ ಅಗ್ಗದ್ದು, ನೋವಿಲ್ಲದ್ದು. ಅದನ್ನು ಕೊನೆಗೆ ಇಡುವುದು ಹೆಂಗಸಿಗೆ ಮಾಡುವ ಅನ್ಯಾಯ ಎಂದೇ ನಾನು ನಂಬಿದ್ದೇನೆ. ಅದು ಬರುವವರೆಗೆ ಡಯಟ್ ಬರೆಯುವುದಿಲ್ಲ ಎಂದು ಹೇಳಿ ಕಳುಹಿಸಿದೆ.

ವರದಿಗಳಲ್ಲಿ ಇದ್ದದ್ದು

ಆಕೆಯ ಎತ್ತರ 157 ಸೆಂಟಿಮೀಟರ್, ತೂಕ 70 ಕಿಲೋ, ಎತ್ತರಕ್ಕೆ ತಕ್ಕ ತೂಕವೇ ಎಂದು ಹೇಳುವ ಬಿಎಂಐ 28.4. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂಬ ಲೆಕ್ಕ. ಮುಟ್ಟು 45 ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ತಿಂಗಳಿಗೊಮ್ಮೆ. ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬ ಸಣ್ಣಸಣ್ಣ ಕೋಶಗಳು. ಥೈರಾಯ್ಡ್ ಸರಿಯಿತ್ತು, ಎರಡೂ ಗರ್ಭನಾಳ ತೆರೆದಿದ್ದವು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9, ಎಂದರೆ ಮಧುಮೇಹದ ಹೊಸ್ತಿಲು. ಹಿಮೋಗ್ಲೋಬಿನ್ 10.4, ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ 9, ವಿಟಮಿನ್ ಬಿ12 ಕೂಡ ಕಡಿಮೆ. ಮೈಯಲ್ಲಿ ಕೊಬ್ಬು ಹೆಚ್ಚು, ರಕ್ತದಲ್ಲಿ ಸತ್ವ ಕಡಿಮೆ. ಇದನ್ನು ಕಂಡು ಜನ ಅಚ್ಚರಿಪಡುತ್ತಾರೆ, ಆದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ನಾನು ಪದೇಪದೇ ನೋಡುವುದು ಇದನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ.

ಎರಡು ವಾರದ ನಂತರ ಗಂಡ ಬಂದರು. “ನಾನು ಚೆನ್ನಾಗೇ ಇದ್ದೀನಲ್ಲ ಮೇಡಂ” ಅಂತಲೇ ಕುಳಿತರು. 172 ಸೆಂಟಿಮೀಟರ್ ಎತ್ತರಕ್ಕೆ 91 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ಗಂಡಸರಿಗೆ 90ರ ಒಳಗಿರಬೇಕು. ವೀರ್ಯದ ವರದಿಯಲ್ಲಿ ಪ್ರತಿ ಮಿಲಿಲೀಟರಿಗೆ 1.1 ಕೋಟಿ ವೀರ್ಯಾಣು, ಮುಂದಕ್ಕೆ ಚಲಿಸುವವು ಶೇ 19, ಸರಿಯಾದ ಆಕಾರದವು ಶೇ 3. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಕ್ರಮವಾಗಿ 1.6 ಕೋಟಿ, ಶೇ 30 ಮತ್ತು ಶೇ 4. ವೀರ್ಯದ ಅಂಕಿ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಒಂದೇ ವರದಿ ನಂಬಿ ಯಾರೂ ಎದೆಗುಂದಬಾರದು. ಹಾಗಾಗಿ ಎರಡನೇ ಸಲ ಮಾಡಿಸಿದೆವು. ಹೆಚ್ಚುಕಡಿಮೆ ಅದೇ ಬಂತು. ಮೂತ್ರರೋಗ ತಜ್ಞರು ಪರೀಕ್ಷಿಸಿ ಬೀಜದ (ವೃಷಣದ) ಸುತ್ತ ರಕ್ತನಾಳ ಊದಿಕೊಂಡಿಲ್ಲ, ಹಾರ್ಮೋನ್ ಸರಿಯಿದೆ, ಶಸ್ತ್ರಚಿಕಿತ್ಸೆ ಬೇಕಿಲ್ಲ ಎಂದರು. ವರದಿ ಓದಿ ಹೇಳಿದಾಗ ಆತ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿ, “ನೀನೊಬ್ಬಳೇ ಓಡಾಡಿದೆಯಲ್ಲ” ಅಂದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗರ್ಭನಾಳ ಮುಚ್ಚಿದ್ದರೆ ಯಾವ ಸೊಪ್ಪು, ಯಾವ ಕಾಳೂ ಅದನ್ನು ತೆರೆಯುವುದಿಲ್ಲ. ವೀರ್ಯಾಣು ಒಂದೂ ಇಲ್ಲದಿದ್ದರೆ ಬಾದಾಮಿ ತಿಂದು ಬರುವುದಿಲ್ಲ. ಆಕೆಗೆ 37 ಆಗಿದ್ದರೆ ಆರು ತಿಂಗಳು ಊಟ ಸರಿಮಾಡಿ ನೋಡೋಣ ಎಂದು ನಾನು ಖಂಡಿತ ಹೇಳುತ್ತಿರಲಿಲ್ಲ, ಚಿಕಿತ್ಸೆಯ ಜೊತೆಜೊತೆಗೇ ಊಟ ನೋಡುತ್ತಿದ್ದೆ. 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಗದಿದ್ದರೆ ವೈದ್ಯರನ್ನು ಕಾಣಬೇಕು, ಅದಕ್ಕಿಂತ ಚಿಕ್ಕವರು ಒಂದು ವರ್ಷ ನೋಡಬಹುದು. ಈ ದಂಪತಿಯಲ್ಲಿ ಎರಡು ಕಡೆಯೂ ಊಟಕ್ಕೆ ಬಗ್ಗುವಂಥ ತೊಂದರೆಯೇ ಇತ್ತು, ವಯಸ್ಸೂ ಕೈಯಲ್ಲಿತ್ತು. ವೈದ್ಯೆಯೂ ನಾನೂ ಮಾತಾಡಿಕೊಂಡು ನಾಲ್ಕರಿಂದ ಆರು ತಿಂಗಳ ಗಡುವು ಇಟ್ಟುಕೊಂಡೆವು.

ಒಂದು ದಿನದಲ್ಲಿ ಹೊಟ್ಟೆಗೆ ಹೋಗುತ್ತಿದ್ದದ್ದು

ಆಕೆ ಐದೂವರೆಗೆ ಏಳುತ್ತಾರೆ. ಎರಡು ಚಮಚ ಸಕ್ಕರೆಯ ಕಾಫಿ. ಮನೆಗೆಲಸ ಮುಗಿಸಿ ಡಬ್ಬಿ ಕಟ್ಟಿಕೊಂಡು ಏಳೂಮುಕ್ಕಾಲಿಗೆ ಬಸ್ಸು ಹಿಡಿಯುವಾಗಲೂ ತಿಂಡಿ ಇಲ್ಲ. ಹತ್ತೂವರೆಯ ಬ್ರೇಕ್‌ನಲ್ಲಿ ಟೀ, ಎರಡು ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಇಲ್ಲವೇ ಅನ್ನ ತಿಳಿಸಾರು. ಸಂಜೆ ಬಸ್‌ಸ್ಟಾಪಿನ ಬೇಕರಿಯಲ್ಲಿ ಪಫ್ ಅಥವಾ ಬನ್ನು. ರಾತ್ರಿ ಗಂಡನಿಗಾಗಿ ಹನ್ನೊಂದರವರೆಗೆ ಕಾದು ಆಮೇಲೆ ಅನ್ನ, ಸಾರು. ಪ್ರೋಟೀನ್ ಲೆಕ್ಕ ಹಾಕಿದರೆ ದಿನಕ್ಕೆ 35 ಗ್ರಾಂ ಆಸುಪಾಸು. 55 ಕಿಲೋ ತೂಕದ ಹೆಂಗಸಿಗೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು ಸುಮಾರು 46 ಗ್ರಾಂ.

ಆತನದು ಇನ್ನೊಂದು ಬಗೆ. ಹನ್ನೆರಡಕ್ಕೆ ಎದ್ದು, ರಾತ್ರಿ ಒಂದರವರೆಗೆ ಕಾರಿನಲ್ಲಿ. ಏಳೆಂಟು ಲೋಟ ಟೀ. ಬರೀ ಟೀಯಿಂದಲೇ 70 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂನಷ್ಟಕ್ಕೆ ಇಳಿಸಿದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಳ್ಳಾರಿ ರಸ್ತೆಯ ಬದಿಯಲ್ಲಿ ಬೋಂಡ, ರಾತ್ರಿ ಪರೋಟ ಕುರ್ಮ ಇಲ್ಲವೇ ಗೋಬಿ ಮಂಚೂರಿ. ಹಣ್ಣು ಅನ್ನುವುದು ಊರಿಗೆ ಹೋದಾಗ. ನಿದ್ದೆ ಬಾರದಿರಲೆಂದು ಗುಟ್ಕಾ, ದಿನಕ್ಕೆ ಹತ್ತು ಹನ್ನೆರಡು ಪ್ಯಾಕೆಟ್. ನೀರು ಕುಡಿಯುವುದು ಕಡಿಮೆ, ಕುಡಿದರೆ ಹೋಗಲು ಜಾಗವೆಲ್ಲಿ ಎಂಬ ಪ್ರಶ್ನೆ. ಕಾರ್ಖಾನೆಯಲ್ಲಿ ಆಕೆಯದೂ ಇದೇ ಉತ್ತರ.

ಈ ಊಟ ಒಳಗೆ ಮಾಡುವುದೇನು ಅಂದರೆ, ಅಕ್ಕಿ, ಮೈದಾ, ಸಕ್ಕರೆಯೇ ಹೆಚ್ಚಾಗಿ ಮೈ ಅಲುಗದಿದ್ದಾಗ ಇನ್ಸುಲಿನ್ ಏರುತ್ತದೆ. ಏರಿದ ಇನ್ಸುಲಿನ್ ಅಂಡಾಶಯಕ್ಕೆ ಗಂಡು ಹಾರ್ಮೋನ್ ಹೆಚ್ಚು ಮಾಡೆಂದು ಒತ್ತುತ್ತದೆ. ಬೆಳೆಯಬೇಕಾದ ಅಂಡದ ಕೋಶಗಳು ಅರ್ಧದಲ್ಲೇ ನಿಲ್ಲುತ್ತವೆ. ಅಂಡ ಬಿಡುಗಡೆಯಾಗದ ತಿಂಗಳು ಗರ್ಭ ನಿಲ್ಲುವ ಮಾತೇ ಇಲ್ಲ. ಪಿಸಿಓಎಸ್ ಇರುವವರ ತೂಕ ಶೇ 5ರಿಂದ 10ರಷ್ಟು ಇಳಿದರೂ ಹಲವರಲ್ಲಿ ಅಂಡೋತ್ಪತ್ತಿ ತಾನಾಗಿ ಮರಳುವುದು ಇದಕ್ಕೇ. ಗಂಡಸರಲ್ಲಿ ಹೊಟ್ಟೆಯ ಕೊಬ್ಬು ಟೆಸ್ಟೋಸ್ಟಿರಾನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ವೀರ್ಯಾಣುವಿನ ಹೊರಪೊರೆ ಬಹಳ ನಾಜೂಕಾದ ಕೊಬ್ಬಿನಿಂದ ಆದದ್ದು, ತಂಬಾಕು ಅದನ್ನು ಸುಲಭವಾಗಿ ಕೆಡಿಸುತ್ತದೆ. ಬೀಜಗಳು ಮೈಯ ಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕು, ಹತ್ತು ಹನ್ನೆರಡು ಗಂಟೆ ಸೀಟು ಬಿಡದೆ ಕೂತರೆ ಆ ತಂಪು ಉಳಿಯುವುದಿಲ್ಲ.

ಅಡುಗೆಮನೆಯಲ್ಲಿ ಬದಲಾದದ್ದು

ನಾನು ಚಾರ್ಟ್ ಬರೆದುಕೊಡಲಿಲ್ಲ. ಓಟ್ಸ್, ಕ್ವಿನೋವಾ, ಬೆಣ್ಣೆಹಣ್ಣು ಬರೆದ ಚಾರ್ಟನ್ನು ಆಕೆ ಇನ್ನೊಂದು ಕಡೆಯಿಂದ ಆಗಲೇ ತಂದಿದ್ದರು. ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರೇ ಹೊರತು ಅದರಲ್ಲಿದ್ದ ಒಂದು ಸಾಮಾನೂ ಮನೆಗೆ ಬಂದಿರಲಿಲ್ಲ. ಕನಕಪುರದ ಅಡುಗೆ ಬಲ್ಲ ಅತ್ತೆ ಮನೆಯಲ್ಲಿರುವಾಗ ಅವು ಬೇಕೂ ಇರಲಿಲ್ಲ. ಬಸ್ಸಾರು, ಮಸ್ಸೊಪ್ಪು, ಉಪ್ಸಾರು, ಮೊಳಕೆ ಹುರುಳಿಕಾಳಿನ ಸಾರು, ಎಲ್ಲವೂ ಆ ಮನೆಯಲ್ಲಿ ಆಗುತ್ತಿತ್ತು. ತೊಂದರೆ ಇದ್ದದ್ದು ಬಡಿಸುವುದರಲ್ಲಿ. ಬಸ್ಸಾರಿಗೆ ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು ಮಾಡುತ್ತಾರೆ, ಬೆಂದ ಸೊಪ್ಪು ಕಾಳು ಪಲ್ಯವಾಗುತ್ತದೆ. ಸತ್ವ ಹೆಚ್ಚಿರುವುದು ಪಲ್ಯದಲ್ಲಿ. ಅದು ನಂಚಿಕೊಳ್ಳಲು ಒಂದು ಚಮಚ ಬರುತ್ತಿತ್ತು, ಸೊಸೆ ಕೊನೆಗೆ ಕೂತಾಗ ಕೆಲವು ದಿನ ಅದೂ ಉಳಿಯುತ್ತಿರಲಿಲ್ಲ. ಅಕ್ಕಿ ಅಳತೆ ಕಡಿಮೆ ಮಾಡಿ ಕಾಳು ಎರಡರಷ್ಟು ಹಾಕಿ, ಪಲ್ಯ ಮೂವರಿಗೂ ಒಂದೊಂದು ಬಟ್ಟಲು ಎಂದೆ. ತಟ್ಟೆಯ ಅರ್ಧ ತರಕಾರಿ, ಸೊಪ್ಪು, ಹಣ್ಣು ಇರಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳುವುದನ್ನು ಈ ಮನೆಯಲ್ಲಿ ಬಸ್ಸಾರಿನ ಪಲ್ಯವೇ ಬಹುಪಾಲು ಪೂರೈಸಿತು.

ಮುದ್ದೆಯ ಬಗ್ಗೆ ಅತ್ತೆಗೆ ಹೆಮ್ಮೆ ಇತ್ತು, ಸರಿಯಾದ ಹೆಮ್ಮೆಯೇ. ರಾಗಿಯ ಕ್ಯಾಲ್ಸಿಯಂ, ನಾರು ಅಕ್ಕಿಯಲ್ಲಿ ಇಲ್ಲ. ಆದರೆ ದೊಡ್ಡ ಮುದ್ದೆಯೊಂದು ಉಂಡು ಅದರ ಮೇಲೆ ಅಷ್ಟೇ ಅನ್ನ ಉಂಡರೆ ಸಕ್ಕರೆಯ ಲೆಕ್ಕ ಬದಲಾಗುವುದಿಲ್ಲ. ಮುದ್ದೆ ಉಂಡ ಹೊತ್ತು ಅನ್ನ ಬೇಡ ಎಂಬ ಒಪ್ಪಂದವಾಯಿತು.

ಹೆಚ್ಚು ಮಾತು ಹಿಡಿದದ್ದು ಮೊಟ್ಟೆ. ಆಕೆ ಮಾಂಸ ತಿನ್ನುವ ಮನೆಯವರು, ಆದರೂ ಎರಡು ವರ್ಷದಿಂದ ಮೊಟ್ಟೆ, ಎಳ್ಳು, ಪರಂಗಿ, ಮೆಂತ್ಯ ಮುಟ್ಟಿರಲಿಲ್ಲ. “ಎಲ್ಲಾ ಉಷ್ಣ ಕಣ್ರವ್ವ. ಒಂದ್ವೇಳೆ ನಿಂತಿದ್ರೂ ಉಳಿಯಾಕಿಲ್ಲ” ಎಂದರು ಅತ್ತೆ. ಒತ್ತಾಯ ಅತ್ತೆಯದೇ ಎಂದುಕೊಂಡಿದ್ದೆ. ಸೊಸೆ ತಡೆದು ಹೇಳಿದರು: “ಅತ್ತೆ ಬೇಡ ಅಂತ ಬಲವಂತ ಮಾಡಿಲ್ಲ ಮೇಡಂ, ನಂಗೇ ಭಯ. ಈ ತಿಂಗಳೂ ಆಗ್ಲಿಲ್ಲ ಅಂದ್ರೆ ನಾನು ತಿಂದಿದ್ದಕ್ಕೇ ಅಂತ ಆಗುತ್ತಲ್ಲ.” ಆ ಭಯಕ್ಕೆ ಉತ್ತರ ಕೊಡುವುದು ನನ್ನ ಕೆಲಸದ ಬಹುದೊಡ್ಡ ಪಾಲು. ಕಾಯಿ ಪರಂಗಿಯ ಹಾಲು ಗರ್ಭಕೋಶವನ್ನು ಸಂಕುಚಿಸಬಲ್ಲದು ಎಂದು 2002ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ತೋರಿಸಿತ್ತು, ಅದೇ ಅಧ್ಯಯನದಲ್ಲಿ ಹಣ್ಣಾದ ಪರಂಗಿಯಿಂದ ತೊಂದರೆ ಕಾಣಲಿಲ್ಲ. ಕಾಯಿ ಬಿಡಿ, ಹಣ್ಣು ತಿನ್ನಿ ಎಂದೆ. ಮೊಟ್ಟೆ ಒಂದರಲ್ಲಿ 6 ಗ್ರಾಂ ಪ್ರೋಟೀನ್, ಜೊತೆಗೆ ಆಕೆಗೆ ಕೊರತೆಯಿದ್ದ ಬಿ12 ಇದೆ. ಅತ್ತೆ ಒಂದಷ್ಟು ಹೊತ್ತು ಯೋಚಿಸಿ, “ಹಂಗಾರೆ ಮಜ್ಜಿಗೆ ಕುಡ್ಕೊಂಡು ತಿನ್ಲಿ” ಎಂದರು. ಅದಕ್ಕಿಂತ ಒಳ್ಳೆಯ ತೀರ್ಮಾನ ನನಗೂ ಹೊಳೆಯುತ್ತಿರಲಿಲ್ಲ. ಬೆಳಗ್ಗೆ ಎರಡು ಬೇಯಿಸಿದ ಮೊಟ್ಟೆ, ಇಲ್ಲವೇ ಹೆಸರುಕಾಳು ಉಸ್ಲಿ ಡಬ್ಬಿಯಲ್ಲಿ ಹೋಗತೊಡಗಿತು. ವಾರಕ್ಕೊಮ್ಮೆ ಭೂತಾಯಿ ಮೀನು. ಒಮೆಗಾ-3 ಕೊಬ್ಬಿಗೆ ಸಾಲ್ಮನ್ ಹುಡುಕಬೇಕಿಲ್ಲ, ಕರಾವಳಿಯಿಂದ ಬೆಂಗಳೂರಿಗೆ ದಿನವೂ ಬರುವ ಈ ಮೀನು ಸಾಕು.

ರಾತ್ರಿಯ ಊಟ ಎಂಟಕ್ಕೆ ಬಂತು. ಗಂಡ ಬರುವ ಮುಂಚೆ ಉಣ್ಣುವುದು ಅತ್ತೆಗೆ ಸರಿಬರಲಿಲ್ಲ. ಆತನೇ ಮೊದಲ ವಾರವೆಲ್ಲ ಫೋನ್ ಮಾಡಿ “ಉಂಡ್ಬಿಡು, ನಂಗೆ ಕಾಯ್ಬೇಡ” ಎಂದು ಅಮ್ಮನಿಗೂ ಕೇಳುವಂತೆ ಹೇಳಿದರು. ಊಟದ ನಂತರ ಅತ್ತೆ ಸೊಸೆ ಬೀದಿಯಲ್ಲಿ ಅರ್ಧ ಗಂಟೆ ನಡೆಯುತ್ತಿದ್ದರು.

ವೈದ್ಯೆ ಕಬ್ಬಿಣ, ಬಿ12, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬರೆದಿದ್ದರು. ಆಕೆ ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆಗೇ ನುಂಗುತ್ತಿದ್ದರು. ಕಾಫಿ ಟೀ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ನಿಂಬೆ ಪಾನಕವೋ ಸೀಬೆಹಣ್ಣೋ ಜೊತೆಗಿದ್ದರೆ ಹೆಚ್ಚು ಹೀರಲ್ಪಡುತ್ತದೆ. ಕಾಫಿ ಬಿಡಿಸಲಿಲ್ಲ, ಒಂದು ಗಂಟೆ ದೂರ ಇಡಿಸಿದೆ. ಫೋಲಿಕ್ ಆಸಿಡ್ ಗರ್ಭ ನಿಂತ ಮೇಲೆ ಶುರುಮಾಡುವ ಮಾತ್ರೆ ಎಂದೇ ಹಲವರು ತಿಳಿದಿದ್ದಾರೆ. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭಧಾರಣೆಯ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಡವಾಗಿ ಬರುವ ಹೆಂಗಸಿಗೆ ಅಷ್ಟರಲ್ಲಿ ಗರ್ಭ ನಿಂತದ್ದೇ ಗೊತ್ತಾಗಿರುವುದಿಲ್ಲ. ಆದ್ದರಿಂದ ಮಗು ಬೇಕು ಎಂದುಕೊಂಡ ತಿಂಗಳಿಂದಲೇ ಅದು ಬೇಕು.

ಗಂಡನ ಕಾರು

ಆತ ಬಂದಾಗ ಕೈಯಲ್ಲಿ ಮೆಡಿಕಲ್ ಶಾಪಿನಲ್ಲಿ ತಾವೇ ಕೊಂಡ ಜಿಂಕ್ ಮತ್ತು ಫೋಲಿಕ್ ಆಸಿಡ್ ಮಾತ್ರೆಗಳಿದ್ದವು. ಕೌಂಟ್ ಏರಿಸುತ್ತದೆ ಎಂದು ಯಾರೋ ಹೇಳಿದ್ದರು. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ಜೋಡಿ ಮಾತ್ರೆ ಗಂಡಸರಿಗೆ ಕೊಟ್ಟಾಗ ವೀರ್ಯದ ಗುಣಮಟ್ಟವಾಗಲಿ, ಮಕ್ಕಳಾಗುವ ಪ್ರಮಾಣವಾಗಲಿ ಹೆಚ್ಚಲಿಲ್ಲ. ಆ ದುಡ್ಡಿಗೆ ಹಣ್ಣು ತನ್ನಿ ಎಂದೆ. ಸ್ಪೇನಿನಲ್ಲಿ 119 ಆರೋಗ್ಯವಂತ ಯುವಕರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ 60 ಗ್ರಾಂ ಬಾದಾಮಿ, ಅಕ್ರೋಟು, ಹೇಜಲ್‌ನಟ್ 14 ವಾರ ತಿಂದವರ ವೀರ್ಯಾಣುಗಳ ಸಂಖ್ಯೆ, ಚಲನೆ ಸುಧಾರಿಸಿತ್ತು. ಅವರು ಮಕ್ಕಳಾಗದವರಲ್ಲ, ನಮ್ಮ ಕಡ್ಲೆಕಾಯಿ ಆ ಪಟ್ಟಿಯಲ್ಲಿ ಇರಲೂ ಇಲ್ಲ. ಆದರೂ ಬೋಂಡದ ಜಾಗಕ್ಕೆ ಬೇಯಿಸಿದ ಕಡ್ಲೆಕಾಯಿ, ಒಂದು ಹಿಡಿ ಬಾದಾಮಿ, ಎರಡು ಸೀಬೆಹಣ್ಣು ಕಾರಿನಲ್ಲಿ ಇರಲಿ ಎಂದು ಧೈರ್ಯವಾಗಿ ಹೇಳಬಹುದಿತ್ತು. ಬಾದಾಮಿ ದುಬಾರಿಯಾದ ತಿಂಗಳು ಕಡ್ಲೆಕಾಯಿಯೇ ಹೆಚ್ಚಾಯಿತು.

ಬೇಕರಿ ಪಫ್ಫಿನ ಮಾತೂ ಬಂತು. ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನವೊಂದು 2007ರಲ್ಲಿ ಟ್ರಾನ್ಸ್ ಕೊಬ್ಬು ಹೆಚ್ಚು ತಿನ್ನುವ ಹೆಂಗಸರಲ್ಲಿ ಅಂಡೋತ್ಪತ್ತಿಯ ತೊಂದರೆ ಹೆಚ್ಚು ಎಂದು ಕಂಡಿತು. ನಮ್ಮಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರುವಂತಿಲ್ಲ. ಹಾಗಾಗಿ ಹೆದರುವ ಅಗತ್ಯ ಹಿಂದಿನಷ್ಟಿಲ್ಲ. ಆದರೂ ಮೈದಾ, ಕೊಬ್ಬು ಎರಡೇ ಇರುವ ತಿಂಡಿಯಿಂದ ಇಬ್ಬರಿಗೂ ಉಪಯೋಗವಿಲ್ಲ.

ಟೀಯನ್ನು ಮೂರು ಲೋಟಕ್ಕೆ, ಸಕ್ಕರೆಯನ್ನು ಅರ್ಧಕ್ಕೆ ತಂದರು. ಗುಟ್ಕಾ ಸುಲಭವಾಗಿ ಹೋಗಲಿಲ್ಲ. ಎರಡು ಸಲ ಬಿಟ್ಟು ಹಿಡಿದರು. ತಂಬಾಕು ಬಿಡುವವರಿಗೆ 1800-112-356 ಎಂಬ ಉಚಿತ ಸಹಾಯವಾಣಿ ಇದೆ, ಅಲ್ಲಿ ಮಾತಾಡಿದ ಮೇಲೆ ಲವಂಗ, ಏಲಕ್ಕಿ ಬಾಯಲ್ಲಿಟ್ಟುಕೊಂಡು ಮೂರನೇ ಸಲ ನಿಂತರು. ಅದಕ್ಕೆ ಅವರಿಗೆ ಬಲ ಕೊಟ್ಟದ್ದು ಒಂದು ಲೆಕ್ಕ: ಒಂದು ವೀರ್ಯಾಣು ತಯಾರಾಗಲು 70 ದಿನಕ್ಕಿಂತ ಹೆಚ್ಚು ಬೇಕು, ಹೊರಬರುವಷ್ಟು ಪಕ್ವವಾಗಲು ಇನ್ನೂ ಕೆಲವು ದಿನ. ಇವತ್ತು ಬಿಟ್ಟ ಗುಟ್ಕಾದ ಫಲ ಮೂರು ತಿಂಗಳ ನಂತರದ ವರದಿಯಲ್ಲಿ. ಹೆಂಗಸಿನ ಅಂಡವೂ ಕೊನೆಯ ಹಂತದ ಬೆಳವಣಿಗೆಗೆ ಸುಮಾರು ಅಷ್ಟೇ ಕಾಲ ತೆಗೆದುಕೊಳ್ಳುತ್ತದೆ. “ಲೋನ್ ಕಂತು ಕಟ್ಟಿದ ಹಾಗೆ” ಎಂದು ಆತನೇ ಹೇಳಿದರು. ತಿಂಗಳಲ್ಲೇ ಫಲ ಸಿಗಬೇಕೆಂದು ಕೈಬಿಡುವವರಿಗೆ ಆ ಮಾತನ್ನು ನಾನು ಈಗ ಹೇಳುತ್ತಿದ್ದೇನೆ. ಒಂದೂವರೆ ಗಂಟೆಗೊಮ್ಮೆ ಕಾರಿನಿಂದಿಳಿದು ಐದು ನಿಮಿಷ ನಡೆಯುವುದು, ರಾತ್ರಿ ಹನ್ನೊಂದಕ್ಕೆ ಟ್ರಿಪ್ ನಿಲ್ಲಿಸುವುದು, ಇವೂ ಸೇರಿದವು. ಹನ್ನೊಂದಕ್ಕೆ ನಿಲ್ಲಿಸಿದ್ದರಿಂದ ಗಳಿಕೆ ಕಡಿಮೆಯಾಯಿತು. ಅದು ಸಣ್ಣ ತ್ಯಾಗವಲ್ಲ.

ಆಮೇಲೆ

ನಾಲ್ಕೂವರೆ ತಿಂಗಳಿಗೆ ಆತನ ವೀರ್ಯಾಣು ಮಿಲಿಲೀಟರಿಗೆ 2.1 ಕೋಟಿ, ಮುಂದಕ್ಕೆ ಚಲಿಸುವವು ಶೇ 32. ತೂಕ 85 ಕಿಲೋ. ಆಕೆ ಆರು ತಿಂಗಳಲ್ಲಿ 65.5ಕ್ಕೆ ಇಳಿದರು, ಎಂದರೆ ಶೇ 6ಕ್ಕಿಂತ ಸ್ವಲ್ಪ ಹೆಚ್ಚು. ಹಿಮೋಗ್ಲೋಬಿನ್ 12.1, ಎಚ್‌ಬಿಎ1ಸಿ 5.6. ಮುಟ್ಟು 35 ದಿನದ ಆಸುಪಾಸಿಗೆ ಬಂತು. ಒಂದು ತಿಂಗಳು ಅಂಡೋತ್ಪತ್ತಿ ಆದದ್ದು ರಕ್ತಪರೀಕ್ಷೆಯಲ್ಲಿ ಕಂಡಿತು, ಮುಂದಿನ ತಿಂಗಳು ಕಾಣಲಿಲ್ಲ. ಗಡುವು ಮುಗಿದಿತ್ತು. ವೈದ್ಯೆ ಇನ್ನು ಕಾಯದೆ ಲೆಟ್ರೋಜೋಲ್ ಶುರುಮಾಡಿದರು. ಪಿಸಿಓಎಸ್‌ನಲ್ಲಿ ಅಂಡ ಬಿಡುಗಡೆಗೆ ಮೊದಲು ಕೊಡುವ ಮಾತ್ರೆ ಅದು. ಎರಡನೇ ತಿಂಗಳಿಗೆ ಗರ್ಭ ನಿಂತಿತು.

ಊಟದಿಂದ ಎಷ್ಟು, ಮಾತ್ರೆಯಿಂದ ಎಷ್ಟು, ಗುಟ್ಕಾ ಬಿಟ್ಟದ್ದರಿಂದ ಎಷ್ಟು ಎಂದು ಒಂದು ಮನೆಯ ಕಥೆಯಿಂದ ಬಿಡಿಸಿ ಹೇಳಲಾಗದು. ಆಕೆಯ ಕಾರ್ಖಾನೆಯ ಗೆಳತಿಯರು ನನ್ನ ಬಳಿ ಬಂದು “ಅವಳಿಗೆ ಕೊಟ್ಟದ್ದೇ ಕೊಡಿ” ಎಂದಾಗ ಮೊದಲು ಅವರದೂ ಅವರ ಗಂಡಂದಿರದೂ ವರದಿ ಕೇಳುತ್ತೇನೆ. ಅವರಲ್ಲಿ ಒಬ್ಬರ ತೂಕ 42 ಕಿಲೋ. ಉಪವಾಸ, ಓವರ್‌ಟೈಮ್ ಸೇರಿ ಮುಟ್ಟೇ ನಿಂತಿತ್ತು. ಆಕೆಗೆ ಬೇಕಾದದ್ದು ತೂಕ ಏರುವ ಊಟ.

ಈಗ ಈಕೆಗೆ ಐದನೇ ತಿಂಗಳು. ಪಿಸಿಓಎಸ್ ಇದ್ದವರಿಗೆ ಗರ್ಭಿಣಿಯಾದಾಗ ಸಕ್ಕರೆ ಏರುವ ಸಾಧ್ಯತೆ ಹೆಚ್ಚು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡಿದ ಮೊದಲ ಪರೀಕ್ಷೆಯಲ್ಲಿ 128 ಬಂದಿದೆ, 140 ಮುಟ್ಟಿದರೆ ಚಿಕಿತ್ಸೆ ಬೇಕಾಗುತ್ತಿತ್ತು. 24ನೇ ವಾರ ದಾಟಿದ ಮೇಲೆ ಮತ್ತೆ ಮಾಡಿಸಬೇಕು. ಇಬ್ಬರಿಗಾಗುವಷ್ಟು ಉಣ್ಣಬೇಕು ಎಂದು ಅತ್ತೆ ಅನ್ನದ ಅಳತೆ ಮತ್ತೆ ಏರಿಸಿದ್ದರು. ಹೆಚ್ಚಿಸುವುದಾದರೆ ಪಲ್ಯ, ಮೊಸರು, ಮೊಟ್ಟೆ ಹೆಚ್ಚಿಸಿ ಎಂದು ಕೂರಿಸಿ ಹೇಳಿದ್ದೇನೆ. ಆತನ ತೂಕ ಎರಡು ಕಿಲೋ ವಾಪಸು ಬಂದಿದೆ, ಗುಟ್ಕಾ ಬಂದಿಲ್ಲ. ಅವರ ತಂದೆಗೆ ಮಧುಮೇಹ ಇತ್ತಂತೆ, ಅದು ಗೊತ್ತಾದದ್ದು ಮೊನ್ನೆ. ಮುಂದಿನ ಭೇಟಿಗೆ ತಮ್ಮ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿಕೊಂಡು ಬರಲು ಹೇಳಿದ್ದೇನೆ.